ಒಂದೇ ಒಂದು ಕೇಸಿಗೆ ಇಷ್ಟು ಗಡಿಬಿಡಿ ಯಾಕೆ?

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಒಂದು ಹಳ್ಳಿ. ಊರಾಚೆ ಇಟ್ಟಿಗೆ ಗೂಡುಗಳಿವೆ. ಒಡಿಶಾದಿಂದ ಬಂದ ಕೆಲಸಗಾರರು ಅಲ್ಲೇ ಶೆಡ್ ಹಾಕಿಕೊಂಡಿದ್ದಾರೆ. ಹತ್ತು ದಿನದ ಹಿಂದೆ ಅವರಲ್ಲಿ ಒಬ್ಬ ಹುಡುಗನಿಗೆ ವೈವಾಕ್ಸ್ ಮಲೇರಿಯಾ ಅಂತ ಗೊತ್ತಾಯಿತು. ಮಾರನೇ ದಿನವೇ ಆರೋಗ್ಯ ಇಲಾಖೆಯವರು ಬಂದು ನಮ್ಮ ಬೀದಿಯವರದ್ದೆಲ್ಲ ರಕ್ತ ತೆಗೆದರು, ಗುಂಡಿಗಳಿಗೆ ಔಷಧಿ ಹೊಡೆದರು. ನಮ್ಮೂರಲ್ಲಿ ಮಲೇರಿಯಾ ಕಂಡು ಎಷ್ಟೋ ವರ್ಷ ಆಗಿದೆ. ಒಬ್ಬನಿಗೆ ಬಂದಿದ್ದಕ್ಕೆ ಇಷ್ಟೆಲ್ಲ ಬೇಕಾ? ಅವನನ್ನು ಊರಿಗೆ ಕಳಿಸಿಬಿಟ್ಟಿದ್ದರೆ ಆಗ್ತಿರಲಿಲ್ವಾ? ಮಲೇರಿಯಾ ತೊಲಗಿಸೋಕೆ ಜಗತ್ತಿನ ದೇಶಗಳೆಲ್ಲ ಕೈ ಜೋಡಿಸಬೇಕು ಅಂತ ಮಗಳು ಶಾಲೆಯಲ್ಲಿ ಭಾಷಣ ಕಲಿತಿದ್ದಾಳೆ. ಆಫ್ರಿಕಾದ ಕಾಯಿಲೆಗೂ ನಮ್ಮೂರಿಗೂ ಏನು ಸಂಬಂಧ ಅಂತ ನನಗೆ ಅರ್ಥವಾಗಿಲ್ಲ.

ಉತ್ತರ: ಊರಿಗೆ ಕಳಿಸುವ ಮಾತಿನಿಂದಲೇ ಶುರು ಮಾಡುತ್ತೇನೆ. ಆ ವಿಷಯದಲ್ಲಿ ತಡ ಮಾಡುವ ಹಾಗಿಲ್ಲ. ದಯವಿಟ್ಟು ಆ ಹುಡುಗನನ್ನು ಕಳಿಸಬೇಡಿ. ಊರಿನಲ್ಲಿ ಯಾರಾದರೂ ಆ ಮಾತು ಆಡುತ್ತಿದ್ದರೆ ತಡೆಯಿರಿ.

ಮಲೇರಿಯಾ ತರುವ ರೋಗಾಣುಗಳಲ್ಲಿ ವೈವಾಕ್ಸ್ ಒಂದು ಬಗೆ. ಅದಕ್ಕೆ ಒಂದು ಕೆಟ್ಟ ಗುಣವಿದೆ. ಸೊಳ್ಳೆ ಕಚ್ಚಿದಾಗ ಅದು ಮೊದಲು ಲಿವರ್ ಸೇರುತ್ತದೆ. ಕೆಲವು ಅಲ್ಲಿ ಬೆಳೆದು ರಕ್ತಕ್ಕೆ ಇಳಿದು ಚಳಿಜ್ವರ ತರುತ್ತವೆ. ಇನ್ನು ಕೆಲವು ಅಲ್ಲೇ ಮಲಗಿಬಿಡುತ್ತವೆ. ವಾರ, ತಿಂಗಳು, ಕೆಲವೊಮ್ಮೆ ಅದಕ್ಕೂ ಜಾಸ್ತಿ ಕಾಲ ಮಲಗಿದ್ದು ಆಮೇಲೆ ಏಳುತ್ತವೆ. ಹಾಗಾಗಿ ಆ ಹುಡುಗನಿಗೆ ಸೊಳ್ಳೆ ಕಚ್ಚಿದ್ದು ಅವನ ಊರಿನಲ್ಲೇ ಇರಬಹುದು, ಅವನು ರೈಲು ಹತ್ತುವುದಕ್ಕೂ ಎಷ್ಟೋ ಮುಂಚೆ. ಜ್ವರ ಎದ್ದದ್ದು ಮಾತ್ರ ನಿಮ್ಮೂರಿನ ಗೂಡಿನ ಮುಂದೆ.

ಇದಕ್ಕೆ ಎರಡು ಔಷಧಿ ಕೊಡುತ್ತಾರೆ. ಕ್ಲೋರೋಕ್ವಿನ್ ಮೂರು ದಿನ, ಪ್ರೈಮಾಕ್ವಿನ್ ಹದಿನಾಲ್ಕು ದಿನ. ಮೊದಲನೆಯದು ರಕ್ತದಲ್ಲಿರುವುದನ್ನು ಕೊಲ್ಲುತ್ತದೆ. ಎರಡನೆಯದು ಲಿವರ್‌ನಲ್ಲಿ ಮಲಗಿರುವುದನ್ನು. ಜ್ವರ ಎರಡು ಮೂರು ದಿನಕ್ಕೇ ಇಳಿದುಹೋಗುತ್ತದೆ. ಅಲ್ಲೇ ಎಲ್ಲ ಕೆಡುವುದು. ಮೈ ಹಗುರವಾದ ಮೇಲೆ ಮಾತ್ರೆ ಯಾಕೆ ಅಂತ ಬಿಟ್ಟುಬಿಡುತ್ತಾರೆ. ದಿನಗೂಲಿಯವರು ಕೆಲಸಕ್ಕೆ ಓಡುತ್ತಾರೆ. ಅರ್ಧ ಮಾತ್ರೆ ನುಂಗಿದವನನ್ನು ಬಸ್ಸು ಹತ್ತಿಸಿ ಕಳಿಸಿದರೆ, ರೋಗವನ್ನು ಇನ್ನೊಂದು ಊರಿಗೆ ಪಾರ್ಸಲ್ ಮಾಡಿದ ಹಾಗೆ. ಮುಂದಿನ ಸುಗ್ಗಿಗೆ ಅವನ ಜಾಗಕ್ಕೆ ಬರುವವನು ಅದನ್ನೇ ಹೊತ್ತು ತರಬಹುದು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಜ್ವರ ಅಂದರೆ ಕಳಿಸಿಬಿಡುತ್ತಾರೆ ಅಂತ ಒಮ್ಮೆ ಗೊತ್ತಾದರೆ ಶೆಡ್ಡಿನವರು ಜ್ವರವನ್ನೇ ಮುಚ್ಚಿಡುತ್ತಾರೆ. ಆಗ ನಿಮ್ಮ ಬೀದಿಗೆ ನಿಜವಾಗಿಯೂ ಅಪಾಯ.

ಈಗ ರಕ್ತ ತೆಗೆದ ವಿಷಯ. ಮಾರನೇ ದಿನವೇ ಬಂದರು ಅಂದಿರಲ್ಲ, ಅದನ್ನು ಓದಿ ನನಗೆ ಖುಷಿಯಾಯಿತು. ಲೆಕ್ಕ ಹೀಗಿದೆ. ಆ ಹುಡುಗನಿಗೆ ಜ್ವರವಿದ್ದ ದಿನಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಜಾತಿಯ ಒಂದು ಹೆಣ್ಣು ಸೊಳ್ಳೆ ಅವನ ರಕ್ತ ಹೀರಿದೆ ಅಂತಿಟ್ಟುಕೊಳ್ಳಿ. ರೋಗಾಣು ಅದರ ಹೊಟ್ಟೆಯಲ್ಲಿ ಬೆಳೆದು ಎಂಜಲಿಗೆ ಬರಲು ಸುಮಾರು ಹತ್ತರಿಂದ ಹದಿನಾಲ್ಕು ದಿನ ಬೇಕು. ಆಮೇಲೆ ಅದು ನಿಮ್ಮನ್ನು ಕಚ್ಚಿದರೆ ನಿಮಗೆ ಜ್ವರ ಬರಲು ಇನ್ನೂ ಸುಮಾರು ಎರಡು ವಾರ. ಅಂದರೆ ಮೊದಲ ಕೇಸಿಗೂ ಎರಡನೇ ಕೇಸಿಗೂ ನಡುವೆ ಹೆಚ್ಚುಕಡಿಮೆ ಒಂದು ತಿಂಗಳು. ರೋಗವನ್ನು ಹಿಡಿಯಲು ನಮಗೆ ಸಿಗುವ ಅವಕಾಶ ಅಷ್ಟೇ. ಚೀನಾದವರು ಇದಕ್ಕೊಂದು ಸೂತ್ರ ಮಾಡಿದರು. ಕೇಸು ಸಿಕ್ಕ ಒಂದೇ ದಿನದಲ್ಲಿ ವರದಿ, ಮೂರು ದಿನದೊಳಗೆ ರೋಗ ಎಲ್ಲಿಂದ ಬಂತು ಅಂತ ವಿಚಾರಣೆ, ಏಳು ದಿನದೊಳಗೆ ಸುತ್ತಮುತ್ತ ಹರಡದ ಹಾಗೆ ಕ್ರಮ. 1940ರ ದಶಕದಲ್ಲಿ ವರ್ಷಕ್ಕೆ ಸುಮಾರು 3 ಕೋಟಿ ಕೇಸು ಕಾಣುತ್ತಿದ್ದ ದೇಶ ಅದು. 2021ರ ಜೂನ್‌ನಲ್ಲಿ ಮಲೇರಿಯಾ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆಯಿಂದ ಪ್ರಮಾಣಪತ್ರ ಪಡೆಯಿತು. ನಿಮ್ಮೂರಿಗೆ ಓಡಿ ಬಂದ ಆಶಾ ಕಾರ್ಯಕರ್ತೆಯ ಕಾಲಿನಲ್ಲಿದ್ದದ್ದು ಅದೇ ಅವಸರ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ದಿನಕ್ಕೆ ಎಷ್ಟೋ ರಕ್ತಲೇಪನ ನೋಡುತ್ತಿದ್ದೆ. ಗಾಜಿನ ಮೇಲೆ ಒಂದು ತೊಟ್ಟು ರಕ್ತ, ಅದಕ್ಕೆ ಬಣ್ಣ, ಆಮೇಲೆ ಮೈಕ್ರೋಸ್ಕೋಪು. ದಪ್ಪ ಲೇಪನದಲ್ಲಿ ಕಡಿಮೆ ಅಂದರೂ ನೂರು ಕಡೆ ಹುಡುಕಬೇಕು. ತೊಂಬತ್ತೊಂಬತ್ತು ಕಡೆ ಏನೂ ಇರುವುದಿಲ್ಲ. ನೂರನೆಯದರಲ್ಲಿ ಒಂದು ಪುಟ್ಟ ನೀಲಿ ಉಂಗುರ, ಅದರ ಮೇಲೆ ಕೆಂಪು ಹರಳು ಕೂರಿಸಿದ ಹಾಗೆ ಒಂದು ಚುಕ್ಕೆ. ಇಡೀ ದಿನದ ಬೇಸರ ಅಲ್ಲಿಗೆ ಮಾಯ. ಈಗ ನಮ್ಮ ಕಡೆಯ ಲ್ಯಾಬಿನವರು ತಿಂಗಳುಗಟ್ಟಲೆ ಆ ಉಂಗುರ ಕಾಣದೇ ಸ್ಲೈಡ್ ನೋಡುತ್ತಾರೆ. ಸಿಗದ್ದನ್ನು ನಿತ್ಯ ಹುಡುಕುವುದು ತುಂಬಾ ಕಷ್ಟದ ಕೆಲಸ. ಅದನ್ನು ಶ್ರದ್ಧೆಯಿಂದ ಮಾಡುವವರ ಬಗ್ಗೆ ನನಗೆ ದೊಡ್ಡ ಗೌರವವಿದೆ.

ಗುಂಡಿಗಳ ಬಗ್ಗೆಯೂ ಹೇಳಬೇಕು. ಮಾಲೂರು ಅಂದರೆ ಹೆಂಚು, ಇಟ್ಟಿಗೆ. ಮಣ್ಣು ತೆಗೆದ ಕಡೆ ಗುಂಡಿ. ಗುಂಡಿಯಲ್ಲಿ ಮಳೆನೀರು. ಬಿಳಿ ಸೌಟಿನಲ್ಲಿ ಅಂಚಿನ ನೀರು ಮೆಲ್ಲಗೆ ಮೊಗೆದು ನೋಡಿ. ಸೊಳ್ಳೆಯ ಹುಳು ತಲೆ ಕೆಳಗೆ ಮಾಡಿ ಓರೆಯಾಗಿ ನೇತಾಡುತ್ತಿದ್ದರೆ ಅದು ಮಲೇರಿಯಾ ಹರಡದ ಕ್ಯೂಲೆಕ್ಸ್ ಅಥವಾ ಈಡಿಸ್ ಜಾತಿ. ನೀರಿನ ಮೈಗೆ ಅಂಟಿಕೊಂಡ ಹಾಗೆ ಅಡ್ಡಡ್ಡ ಮಲಗಿದ್ದರೆ ಅನಾಫಿಲಿಸ್. ಒಮ್ಮೆ ಕಂಡರೆ ಮತ್ತೆ ಮರೆಯುವುದಿಲ್ಲ. ನಿಮ್ಮ ಮಗಳಿಗೂ ತೋರಿಸಿ. ಹಳ್ಳಿಗಾಡಿನಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್‌ಗೆ ಬಿಸಿಲು ಬೀಳುವ, ನಿಂತ, ತಕ್ಕಮಟ್ಟಿಗೆ ತಿಳಿಯಾದ ನೀರು ಬೇಕು. ಚರಂಡಿಯ ಕೊಳಕು ನೀರು ಅದಕ್ಕೆ ಆಗಿಬರುವುದಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದು ಕೋಲಾರದ ಕೆರೆಗಳು ತುಂಬಿದ ಮೇಲೆ ‘ಇನ್ನು ಮಲೇರಿಯಾನೂ ಬರುತ್ತಾ’ ಅಂತ ತುಂಬಾ ಜನ ನನ್ನನ್ನು ಕೇಳಿದ್ದಾರೆ. ಅಲೆಯೇಳುವ, ಮೀನಿರುವ ತುಂಬಿದ ಕೆರೆಯ ನಡುವಿಗಿಂತ, ಅಂಚಿನಲ್ಲಿ ನೀರು ಇಳಿದಾಗ ಉಳಿಯುವ ಸಣ್ಣ ಹೊಂಡ, ದನದ ಹೆಜ್ಜೆ ಗುರುತಿನಲ್ಲಿ ನಿಂತ ನೀರು, ನಿಮ್ಮೂರಿನ ಮಣ್ಣಿನ ಗುಂಡಿ, ಇವುಗಳ ಮೇಲೆ ಕಣ್ಣಿಡಿ.

ಇಲ್ಲಿ ನನ್ನ ಅಜ್ಜಿ ನೆನಪಾಗುತ್ತಾಳೆ. ನಮ್ಮದು ರೇಷ್ಮೆ ಮನೆ. ಸೊಳ್ಳೆ ಔಷಧಿ ಹೊಡೆಯುವವರು ಪಂಪು ಹೊತ್ತು ಬಂದರೆ ಅಜ್ಜಿ ಹುಳುಮನೆ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದಳು. ‘ಹುಳ ಎರಡನೇ ಜ್ವರಕ್ಕೆ ಕೂತಿವೆ, ಒಳಗೆ ಕಾಲಿಡಬೇಡಿ’ ಅನ್ನುತ್ತಿದ್ದಳು. ಹುಳು ಪೊರೆ ಬಿಡಲು ಕೂರುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವಲ್ಲ. ಹುಳುವಿನ ಜ್ವರ ಕಾಯಲು ಹೋಗಿ ಮನುಷ್ಯರ ಜ್ವರಕ್ಕೆ ಬಾಗಿಲು ತೆರೆದಂತೆ ಆಗುತ್ತಿತ್ತು. ಆದರೆ ಅಜ್ಜಿಯದ್ದು ತಪ್ಪು ಅಂತ ನಾನು ಹೇಳಲಾರೆ. ಗೋಡೆಗೆ ಹೊಡೆದ ಔಷಧಿ ರೇಷ್ಮೆ ಹುಳುವನ್ನೂ ಕೊಲ್ಲುತ್ತದೆ. ಒಂದು ಬೆಳೆ ಹೋದರೆ ಮನೆಗೆ ಮೂರು ತಿಂಗಳ ಅನ್ನ ಹೋದಂತೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಭಾಗದ ಎಷ್ಟೋ ಮನೆಗಳ ಕಷ್ಟ ಇದು.

ಇದಕ್ಕೆ ಸಿಕ್ಕ ದಾರಿ ಮೀನು. ಬಾವಿ, ತೊಟ್ಟಿ, ಸಣ್ಣ ಹೊಂಡಗಳಿಗೆ ಗಪ್ಪಿ, ಗ್ಯಾಂಬೂಸಿಯಾ ಬಿಟ್ಟರು. ಅವು ಸೊಳ್ಳೆಯ ಹುಳುಗಳನ್ನು ಹುಡುಕಿ ತಿಂದವು. ಮನೆಯೊಳಗೆ ವಿಷ ಹೊಡೆಯುವ ಕೆಲಸವೇ ಕಡಿಮೆಯಾಯಿತು. ಗಪ್ಪಿ ದಕ್ಷಿಣ ಅಮೆರಿಕದ ಮೀನು. ಗ್ಯಾಂಬೂಸಿಯಾ ಉತ್ತರ ಅಮೆರಿಕದ್ದು, ಇಟಲಿಗೆ ಹೋಗಿ, ಅಲ್ಲಿಂದ 1928ರ ಸುಮಾರಿಗೆ ಭಾರತಕ್ಕೆ ಬಂತು. ದೇಶಗಳ ಸಹಕಾರ ಅಂದರೆ ಏನು ಅಂತ ಮಗಳು ಕೇಳಿದರೆ ಬಾವಿಯ ಮೀನು ತೋರಿಸಬಹುದು. ಒಂದು ಎಚ್ಚರಿಕೆಯೂ ಇದೆ. ಇವುಗಳನ್ನು ಕೆರೆಗೆ, ಹಳ್ಳಕ್ಕೆ ಬಿಡಬೇಡಿ. ನಮ್ಮ ನೆಲದ ಮೀನುಗಳ ಮರಿಗಳನ್ನೂ ತಿಂದು ಹಾಕುತ್ತವೆ, ಅದರಲ್ಲೂ ಗ್ಯಾಂಬೂಸಿಯಾ. ಹೊರಗೆ ಹರಿಯುವ ದಾರಿಯೇ ಇಲ್ಲದ ನೀರಿಗೆ ಮಾತ್ರ, ಅದೂ ಇಲಾಖೆಯವರನ್ನು ಕೇಳಿ.

‘ಎಷ್ಟೋ ವರ್ಷದಿಂದ ಮಲೇರಿಯಾ ಇಲ್ಲ’ ಅಂದಿದ್ದೀರಿ. ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು ಇದೇ. ಈ ಮಾತನ್ನು ಹಿಂದೆ ಇಡೀ ದೇಶವೇ ಹೇಳಿತ್ತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಭಾರತದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ, 8 ಲಕ್ಷ ಸಾವು ಅನ್ನುವುದು ಅಂದಿನ ಅಂದಾಜು. 1953ರಲ್ಲಿ ರಾಷ್ಟ್ರೀಯ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. 1955ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತಿನಿಂದಲೇ ಮಲೇರಿಯಾ ಕಿತ್ತು ಹಾಕುತ್ತೇವೆ ಅಂತ ಹೊರಟಿತು. ಸೊಳ್ಳೆ ಕೊಲ್ಲುವ ಡಿಡಿಟಿ ಔಷಧಿ ಹೊಡೆದವರು ಮನೆಮನೆಯ ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. 1960ರ ದಶಕದ ನಡುವಿಗೆ ದೇಶದಲ್ಲಿ ಕೇಸುಗಳು ಸುಮಾರು ಒಂದು ಲಕ್ಷಕ್ಕೆ ಇಳಿದವು. ಆಮೇಲೆ ಎಲ್ಲರೂ ಕೈ ಸಡಿಲ ಬಿಟ್ಟರು. ಹೊರಗಿನ ನೆರವು ಕಡಿಮೆಯಾಯಿತು, ಡಿಡಿಟಿ ಸಮಯಕ್ಕೆ ಸಿಗಲಿಲ್ಲ, ಸೊಳ್ಳೆ ಅದಕ್ಕೆ ಒಗ್ಗಿಕೊಂಡಿತು, ಕಾವಲು ತಪ್ಪಿತು. 1969ರಲ್ಲಿ ಜಾಗತಿಕ ಕಾರ್ಯಕ್ರಮವನ್ನೇ ಕೈಬಿಟ್ಟರು. 1976ರಲ್ಲಿ ಭಾರತದಲ್ಲಿ 64 ಲಕ್ಷ ಕೇಸು.

ಶ್ರೀಲಂಕಾದ್ದು ಇನ್ನೂ ಹೊಟ್ಟೆ ಉರಿಯುವ ಕಥೆ. 1963ರಲ್ಲಿ ಇಡೀ ದೇಶದಲ್ಲಿ ಸಿಕ್ಕಿದ್ದು 17 ಕೇಸು. ಮುಗಿಯಿತು ಅಂದುಕೊಂಡರು. 1968-69ರ ಹೊತ್ತಿಗೆ ಲಕ್ಷಗಟ್ಟಲೆ ಜನ ಮತ್ತೆ ಹಾಸಿಗೆ ಹಿಡಿದರು. ಅವರು ಅದರಿಂದ ಪಾಠ ಕಲಿತರು. ಅಂತರ್ಯುದ್ಧದ ವರ್ಷಗಳಲ್ಲೂ ಮಲೇರಿಯಾ ಕೆಲಸ ನಿಲ್ಲಿಸಲಿಲ್ಲ. 2012ರ ಅಕ್ಟೋಬರ್ ಆದ ಮೇಲೆ ಅಲ್ಲೇ ಹುಟ್ಟಿ ಹರಡಿದ ಕೇಸು ಕಾಣಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಪ್ರಮಾಣಪತ್ರವೂ ಬಂತು.

ಮುಂದಿನದ್ದನ್ನು ನಿಮ್ಮ ಊರಿನ ಜನಕ್ಕೆ ಓದಿ ಹೇಳಿ. 2018ರ ಕೊನೆಗೆ, ಶ್ರೀಲಂಕಾದ ಮೊನರಾಗಲ ಜಿಲ್ಲೆಯಲ್ಲಿ ಕೆಲಸಕ್ಕೆ ಬಂದ ಒಬ್ಬನಿಗೆ ವೈವಾಕ್ಸ್ ಮಲೇರಿಯಾ ಇತ್ತು. ಅವನಿಂದ ಅಲ್ಲಿಯ ಒಬ್ಬನಿಗೆ ದಾಟಿತು. ಮಲೇರಿಯಾ ಮುಕ್ತವಾದ ಮೇಲೆ ಆ ದೇಶದಲ್ಲಿ ಹಾಗೆ ಆದದ್ದು ಅದೇ ಮೊದಲು. ಹೊರಗಿನಿಂದ ಬಂದ ಆ ಕೆಲಸಗಾರ ಯಾವ ದೇಶದವನು ಗೊತ್ತಾ? ಭಾರತದವನು. ಅಲ್ಲಿ ನಾವೇ ಆ ಒಡಿಶಾದ ಹುಡುಗ. ಅವರು ಆ ಕೆಲಸದ ಜಾಗದ ಸುತ್ತ ಜನರ ರಕ್ತ ಪರೀಕ್ಷೆ ಮಾಡಿದರು, ಸೊಳ್ಳೆ ಹುಡುಕಿದರು, ಔಷಧಿ ಹೊಡೆದರು, ಚಿಕಿತ್ಸೆ ಕೊಟ್ಟರು. ರೋಗ ಅಲ್ಲಿಗೇ ನಿಂತಿತು. ನಿಮ್ಮ ಬೀದಿಯಲ್ಲಿ ಆದ ಗಡಿಬಿಡಿಯೂ ಅದೇ ಅಲ್ವಾ?

ಆಫ್ರಿಕಾದ ಕಾಯಿಲೆಗೂ ನಮಗೂ ಏನು ಸಂಬಂಧ ಅಂದಿರಿ. ಸಂಬಂಧ ಎರಡೂ ಕಡೆಯಿಂದ ಇದೆ. ಅನಾಫಿಲಿಸ್ ಸ್ಟೀಫೆನ್ಸಿ ಅಂತ ಒಂದು ಸೊಳ್ಳೆ. ನಮ್ಮ ಉಪಖಂಡದ್ದು. ಮನೆ ಮೇಲಿನ ಸಿಂಟೆಕ್ಸ್ ಟ್ಯಾಂಕು, ಕಟ್ಟಡ ಕೆಲಸದ ತೊಟ್ಟಿ, ಸಂಪು, ಇಂಥ ಕಡೆ ಹಾಯಾಗಿ ಬೆಳೆಯುತ್ತದೆ. ಮಂಗಳೂರಿನಲ್ಲಿ ವರ್ಷಗಟ್ಟಲೆ ಕಾಡಿದ್ದು ಇದೇ. 1937ರಲ್ಲಿ ಇದರ ಮೊಟ್ಟೆಗಳನ್ನು ಅಳೆದು ನೋಡಿ ಒಂದು ಬಗೆಗೆ ‘ಮೈಸೂರೆನ್ಸಿಸ್’ ಅಂತ ಹೆಸರಿಟ್ಟವರು ಆಗಿನ ಮೈಸೂರು ಸಂಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ ಸ್ವೀಟ್ ಮತ್ತು ರಾವ್. ಒಬ್ಬರು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದವರು, ಇನ್ನೊಬ್ಬರು ನಮ್ಮವರು. ನಮ್ಮ ನಾಡಿನ ಹೆಸರು ಹೊತ್ತ ಈ ಸೊಳ್ಳೆಯ ಜಾತಿ 2012ರಲ್ಲಿ ಆಫ್ರಿಕಾದ ಜಿಬೂಟಿ ಎಂಬ ಪುಟ್ಟ ದೇಶದಲ್ಲಿ ಕಾಣಿಸಿಕೊಂಡಿತು. ಆ ವರ್ಷ ಅಲ್ಲಿ ವರದಿಯಾದ ಮಲೇರಿಯಾ 27 ಕೇಸು. 2020ರಲ್ಲಿ 73 ಸಾವಿರ ದಾಟಿತು. ಆಮೇಲೆ ಇಥಿಯೋಪಿಯಾ, ಸುಡಾನ್, ಕೀನ್ಯಾ, ನೈಜೀರಿಯಾ ಅಂತ ಹರಡುತ್ತಲೇ ಇದೆ. ಆಫ್ರಿಕಾದ ಹಳೆಯ ಮಲೇರಿಯಾ ಸೊಳ್ಳೆಗಳು ಹಳ್ಳಿಯವು. ಪೇಟೆಯ ಟ್ಯಾಂಕಿನಲ್ಲಿ ಬೆಳೆಯುವ ಸೊಳ್ಳೆಯ ಅನುಭವ ಅಲ್ಲಿಯವರಿಗೆ ಕಡಿಮೆ, ನಮಗೆ ಜಾಸ್ತಿ. ಟ್ಯಾಂಕಿನ ಮುಚ್ಚಳ ಭದ್ರ ಮಾಡಿಸುವ ನಮ್ಮ ಪೌರಸಿಬ್ಬಂದಿಯ ತಿಳಿವಳಿಕೆ ಇವತ್ತು ಅಲ್ಲಿ ಬೇಕಾಗಿದೆ.

ಔಷಧಿಯದ್ದೂ ಇದೇ ಪ್ರಯಾಣ. ಫಾಲ್ಸಿಪಾರಂ ಅನ್ನುವುದು ಮಲೇರಿಯಾ ರೋಗಾಣುವಿನ ಇನ್ನೊಂದು, ಹೆಚ್ಚು ಅಪಾಯದ ಬಗೆ. ಕ್ಲೋರೋಕ್ವಿನ್‌ಗೆ ಬಗ್ಗದ ಫಾಲ್ಸಿಪಾರಂ ಮೊದಲು ಎದ್ದದ್ದು ಥಾಯ್ಲೆಂಡ್, ಕಾಂಬೋಡಿಯಾ ಗಡಿಯ ಕಡೆ. 1973ರಲ್ಲಿ ಅಸ್ಸಾಂನಲ್ಲಿ ಸಿಕ್ಕಿತು, ಬರಬರುತ್ತ ದೇಶವೆಲ್ಲ ಹರಡಿತು. ಆಗ ಕೈ ಹಿಡಿದದ್ದು ಚೀನಾದ ತು ಯೂಯೂ ಮತ್ತು ಅವರ ಜೊತೆಯವರು ಒಂದು ಗಿಡದಿಂದ ತೆಗೆದ ಆರ್ಟೆಮಿಸಿನಿನ್. ಅದಕ್ಕೆ ಅವರಿಗೆ 2015ರಲ್ಲಿ ನೊಬೆಲ್ ಬಂತು. ಇವತ್ತು ನಿಮ್ಮ ಪಿಎಚ್‌ಸಿಯಲ್ಲಿ ಫಾಲ್ಸಿಪಾರಂಗೆ ಕೊಡುವ ಮಾತ್ರೆಯಲ್ಲಿ ಇರುವುದು ಆ ಗುಂಪಿನ ಔಷಧಿಯೇ. ಅದಕ್ಕೂ ಬಗ್ಗದ ರೋಗಾಣು ಈಗ ಆಫ್ರಿಕಾದ ರುವಾಂಡಾ, ಉಗಾಂಡಾಗಳಲ್ಲಿ ತಲೆ ಎತ್ತಿದೆ. ಅದನ್ನು ಅಲ್ಲೇ ತಡೆಯುವುದು ಕೋಲಾರದ ಕೆಲಸವೂ ಹೌದು. ಇಲ್ಲಿಗೆ ಬಂದ ಮೇಲೆ ಹುಡುಕಾಡಿದರೆ ನಮ್ಮ ಕೈಯಲ್ಲಿ ಬೇರೆ ಮಾತ್ರೆ ಹೆಚ್ಚಿಲ್ಲ.

ದುಡ್ಡಿನ ಮಾತಿಗೆ ಬರುತ್ತೇನೆ. ಒಡಿಶಾದಲ್ಲಿ 2016ರಲ್ಲಿ ನಾಲ್ಕು ಲಕ್ಷಕ್ಕೂ ಜಾಸ್ತಿ ಮಲೇರಿಯಾ ಕೇಸುಗಳಿದ್ದವು. ಮರುವರ್ಷ ಕಾಡಿನ, ಗುಡ್ಡದ ಹಳ್ಳಿಗಳಿಗೇ ಹೋಗಿ, ಜ್ವರ ಇಲ್ಲದವರ ರಕ್ತವನ್ನೂ ಪರೀಕ್ಷೆ ಮಾಡಿ, ಔಷಧಿ ಸವರಿದ ಸೊಳ್ಳೆಪರದೆಗಳನ್ನು ಮನೆಮನೆಗೆ ಹಂಚಿದರು. 2019ಕ್ಕೆ ಕೇಸು ಸುಮಾರು 40 ಸಾವಿರಕ್ಕೆ ಇಳಿಯಿತು. ಆಮೇಲೆ ಮತ್ತೆ ಏರಿದೆ. ಇಂಥ ಪರದೆಗಳಿಗೆ ಹಣ ಕೊಟ್ಟವರಲ್ಲಿ ಏಡ್ಸ್, ಕ್ಷಯ, ಮಲೇರಿಯಾ ವಿರುದ್ಧದ ಜಾಗತಿಕ ನಿಧಿಯಾದ ಗ್ಲೋಬಲ್ ಫಂಡ್ ಇದೆ. 2002ರಲ್ಲಿ ಹುಟ್ಟಿದ ಆ ನಿಧಿಗೆ ಹಲವು ದೇಶಗಳ ಜೊತೆ ಭಾರತವೂ ಹಣ ಹಾಕುತ್ತದೆ. ಒಡಿಶಾದ ಕಾಳಹಂದಿ ಜಿಲ್ಲೆಯ ಒಂದು ಗುಡಿಸಲಿನಲ್ಲಿ ಯಾವುದೋ ದೇಶದ ತೆರಿಗೆ ದುಡ್ಡಿನ ಪರದೆ ಕಟ್ಟಿದರೆ, ಮಾಲೂರಿನ ಇಟ್ಟಿಗೆ ಗೂಡಿಗೆ ಬರುವ ಜ್ವರ ಒಂದು ಕಡಿಮೆ. ಇದಕ್ಕಿಂತ ಹತ್ತಿರದ ಸಂಬಂಧ ಬೇಕಾ? ದೇಶದಲ್ಲಿ ವರದಿಯಾದ ಕೇಸುಗಳು 2015ರಲ್ಲಿ ಸುಮಾರು 11.7 ಲಕ್ಷ ಇದ್ದದ್ದು 2023ರಲ್ಲಿ ಸುಮಾರು 2.27 ಲಕ್ಷಕ್ಕೆ ಬಂದಿವೆ. 2027ಕ್ಕೆ ಸ್ಥಳೀಯವಾಗಿ ಹರಡುವ ಕೇಸು ಸೊನ್ನೆ ಮಾಡಬೇಕು, 2030ಕ್ಕೆ ಪೂರ್ತಿ ತೊಲಗಿಸಬೇಕು ಅನ್ನುವುದು ಗುರಿ. ಪ್ರಮಾಣಪತ್ರ ಸಿಗಬೇಕಾದರೆ ಕಡಿಮೆ ಅಂದರೂ ಸತತ ಮೂರು ವರ್ಷ ಇಡೀ ದೇಶದಲ್ಲಿ ಒಂದೂ ಸ್ಥಳೀಯ ಕೇಸು ಇರಬಾರದು. ಇಡೀ ದೇಶ ಅಂದರೆ ನಿಮ್ಮ ಬೀದಿಯೂ ಸೇರಿ.

2023ರಲ್ಲಿ ಜಗತ್ತಿನಲ್ಲಿ ಮಲೇರಿಯಾದಿಂದ ಸುಮಾರು 5.97 ಲಕ್ಷ ಜನ ಸತ್ತರು. ಅವರಲ್ಲಿ ಬಹುಪಾಲು ಆಫ್ರಿಕಾದ ಐದು ವರ್ಷ ತುಂಬದ ಮಕ್ಕಳು. ಆ ಮಕ್ಕಳಿಗಾಗಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದವರು ರೂಪಿಸಿದ ಆರ್21 ಲಸಿಕೆ ತಯಾರಾಗುವುದು ನಮ್ಮ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನಲ್ಲಿ. ನನಗೆ ಇದು ನಿಜವಾಗಿಯೂ ಹೆಮ್ಮೆಯ ವಿಷಯ. ಹಾಗೆಯೇ 2025ರ ಶುರುವಿನಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಏಕಾಏಕಿ ತಡೆಹಿಡಿದಾಗ ನಿದ್ದೆ ಬರಲಿಲ್ಲ. ಕೆಲಸ ಮುಗಿಯುವ ಮೊದಲೇ ಕೈ ಬಿಟ್ಟರೆ ಏನಾಗುತ್ತದೆ ಅಂತ 1976ರಲ್ಲಿ ಈ ದೇಶ ನೋಡಿದೆ. ಅದನ್ನು ಕಣ್ಣಾರೆ ಕಂಡ ಹಿರಿಯರ ಹತ್ತಿರವೇ ನಾನು ಕೆಲಸ ಕಲಿತದ್ದು.

ಈಗ ನಿಮ್ಮೂರಿಗೆ ಬರೋಣ. ಆ ಹುಡುಗನಿಗೆ ಇನ್ನೂ ಮೂರು ನಾಲ್ಕು ದಿನದ ಪ್ರೈಮಾಕ್ವಿನ್ ಉಳಿದಿರಬೇಕು. ಇವತ್ತು ಸಂಜೆಯೇ ಹೋಗಿ ಮಾತ್ರೆ ಎಣಿಸಿ ನೋಡಿ. ಊಟ ಆದ ಮೇಲೆ, ನಿಮ್ಮ ಕಣ್ಣೆದುರಿಗೇ ನುಂಗಲಿ. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆ ಹಿಡಿದುಕೊಳ್ಳುತ್ತದೆ. ಮೂತ್ರ ಕರಿ ಟೀ ಬಣ್ಣಕ್ಕೆ ತಿರುಗಿದರೆ ಮಾತ್ರೆ ನಿಲ್ಲಿಸಿ ಕೂಡಲೇ ಪಿಎಚ್‌ಸಿಗೆ ಕರೆದುಕೊಂಡು ಹೋಗಿ. ಕೆಲವರ ಮೈಗೆ ಈ ಔಷಧಿ ಆಗುವುದಿಲ್ಲ. ಗರ್ಭಿಣಿಯರಿಗೂ ಕೂಸುಗಳಿಗೂ ಇದನ್ನು ಕೊಡುವುದಿಲ್ಲ. ಹಾಗಾಗಿ ಅವನ ಮಾತ್ರೆಯನ್ನು ಶೆಡ್ಡಿನ ಬೇರೆಯವರು ಸುಮ್ನೆ ಮುಂಜಾಗ್ರತೆ ಅಂತ ನುಂಗಬಾರದು.

ಗೂಡಿನ ಮಾಲೀಕರ ಹತ್ತಿರ ಮಾತಾಡಿ. ಶೆಡ್ಡಿನ ಪ್ರತಿ ಮನೆಗೂ ಸೊಳ್ಳೆಪರದೆ ಬೇಕು. ಹೊಸ ತಂಡ ಬಂದ ದಿನವೇ ಆಶಾ ಕಾರ್ಯಕರ್ತೆಗೆ ಒಂದು ಫೋನ್ ಮಾಡಿದರೆ ಸಾಕು, ಅಲ್ಲೇ ಬಂದು ಪರೀಕ್ಷೆ ಮಾಡುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಜ್ವರ ಬಂದವನ ಎರಡು ದಿನದ ಕೂಲಿ ಮುರಿಯಬೇಡಿ ಅಂತಲೂ ಹೇಳಿ. ಕೂಲಿ ಹೋಗುತ್ತದೆ ಅಂತಾದರೆ ಯಾರೂ ಜ್ವರ ಹೇಳಿಕೊಳ್ಳುವುದಿಲ್ಲ. ಕೆಲಸ ಮುಗಿದ ಗುಂಡಿಗಳನ್ನು ಮುಚ್ಚಿಸಲು ಪಂಚಾಯಿತಿಯಲ್ಲಿ ಅರ್ಜಿ ಕೊಡಿ. ಈ ಮಳೆಗಾಲಕ್ಕೆ ಮುಂಚೆ ಆಗದಿದ್ದರೆ, ಹೊರದಾರಿ ಇಲ್ಲದ ಗುಂಡಿಗಳಿಗೆ ಗಪ್ಪಿ ಬಿಡಬಹುದಾ ಅಂತ ತಾಲ್ಲೂಕು ಆರೋಗ್ಯಾಧಿಕಾರಿಯವರನ್ನು ಕೇಳಿ.

ಇನ್ನು ಮೂರು ವಾರದೊಳಗೆ ನಿಮ್ಮ ಮನೆಯಲ್ಲಿ ಯಾರಿಗೆ ಜ್ವರ ಬಂದರೂ, ಅದು ನೆಗಡಿ ಜ್ವರವೇ ಅನ್ನಿಸಿದರೂ, ಮೆಡಿಕಲ್ ಸ್ಟೋರಿನ ಮಾತ್ರೆ ನುಂಗಿ ಕೂರಬೇಡಿ. ಹೋಗಿ ರಕ್ತ ಕೊಡಿ. ಇಲಾಖೆಯವರು ಇನ್ನೊಮ್ಮೆ ನಿಮ್ಮ ಬೀದಿಗೆ ಬರಬಹುದು. ಬಂದಾಗ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ನೀವೇ ಮೊದಲು ಬೆರಳು ಕೊಡಿ.